ಮೂಲೆಯ ಕೆಂಪು ಚುಕ್ಕೆ

ಪೇಟೆ ಬೀದಿಯ ನಲವತ್ತು ಅಂಗಡಿಗಳಲ್ಲಿ ಯಾರ ತಕ್ಕಡಿ ಕೆಟ್ಟರೂ ಬರುತ್ತಿದ್ದವಳು ಒಬ್ಬಳೇ. ಎಲ್ಲರೂ ಅವಳನ್ನು ತಕ್ಕಡಿಯಕ್ಕ ಎನ್ನುತ್ತಿದ್ದರು. ನಲವತ್ತಾರರ ಹೆಂಗಸು. ಹೆಗಲಿಗೊಂದು ಚೀಲ, ಅದರೊಳಗೆ ಸ್ಕ್ರೂಡ್ರೈವರು, ಬ್ಲೇಡು, ಎಣ್ಣೆ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ತೂಕದ ಬಟ್ಟುಗಳು. ಮಾತು ಬಲು ಕಮ್ಮಿ. ವ್ಯಾಪಾರಿಗಳಿಗೆ ಅದೇ ಇಷ್ಟ. ತಕ್ಕಡಿಯ ಹೊಟ್ಟೆ ಬಿಚ್ಚಿ ನೋಡುವವಳ ನಾಲಿಗೆ ಉದ್ದವಿದ್ದರೆ ಅವಳನ್ನು ಯಾವ ಅಂಗಡಿಯವನು ಒಳಗೆ ಬಿಟ್ಟುಕೊಂಡಾನು?

ಇಂಥವಳಿಗೆ ಎರಡು ವರ್ಷದ ಹಿಂದೆ ಓದಿನ ಹುಚ್ಚು ಹತ್ತಿತು. ಮದುವೆಗೆ ಮುಂಚಿನ ಡಿಗ್ರಿಯನ್ನು ಟ್ರಂಕಿನಿಂದ ತೆಗೆದು, ಧೂಳು ಕೊಡವಿ, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದಳು. ಕೊನೆಯ ಪ್ರಾಜೆಕ್ಟಿಗೆ ಬೇರೆಯವರು ದೂರದ ದೇಶಗಳ ಅಂಕಿ ಅಂಶ ಹುಡುಕುತ್ತಿದ್ದರೆ ಇವಳು ತನ್ನ ಬೀದಿಯನ್ನೇ ಹಿಡಿದಳು. ಮುಳ್ಳು ತಿರುಗುವ ತಕ್ಕಡಿಯ ಸ್ಪ್ರಿಂಗು ವರ್ಷದಲ್ಲಿ ಎಷ್ಟು ಸೋಲುತ್ತದೆ? ಅಂಗಡಿ ಅಂಗಡಿಗೂ ಹೋಗಿ ಕೇಳಿಕೊಂಡಳು. "ಯಾರ ಹೆಸರೂ ಎಲ್ಲೂ ಬರಲ್ಲ, ಇದು ನನ್ನ ಮಾತು," ಎಂದಳು. ಸುಮ್ಮನಿರುವವಳ ಮಾತಿಗೆ ಬೆಲೆ ಹೆಚ್ಚು, ಎಲ್ಲರೂ ಒಪ್ಪಿದರು. ಮೂಲೆಯ ದೊಡ್ಡಂಗಡಿಯ ಯಜಮಾನರು, ವರ್ತಕರ ಸಂಘದ ಅಧ್ಯಕ್ಷರು, ಎದೆ ಮುಂದೆ ಮಾಡಿ "ಮೊದಲು ನಂದೇ ನೋಡಮ್ಮ" ಎಂದಿದ್ದರು. ನೋಡಿದಳು. ಗಿರಾಕಿಗೆ ಕಿಲೋಗೆ ಇಪ್ಪತ್ತೆಂಟು ಗ್ರಾಂ ಕಮ್ಮಿ. ಕೊನೆಯ ಅಳತೆ ಮುಗಿದು ವಾರವಾಗಿತ್ತಷ್ಟೆ. ಯಾರಿಗೂ ಅವರ ಲೆಕ್ಕ ಇನ್ನೂ ಹೇಳಿರಲಿಲ್ಲ; ಪರೀಕ್ಷೆಯೊಂದು ಕಳೆಯಲಿ, ಒಂದೊಂದನ್ನೇ ಸರಿ ಮಾಡಿಕೊಡೋಣ ಎಂದುಕೊಂಡಿದ್ದಳು.

ಪ್ರಾಜೆಕ್ಟನ್ನು ಒಪ್ಪಿಸಲು ಕಾಲೇಜು ಎರಡು ದಾರಿ ಕೊಟ್ಟಿತ್ತು. ಒಂದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಪರೀಕ್ಷಕರ ಮುಂದೆ ಇಪ್ಪತ್ತು ನಿಮಿಷ ಮಾತಾಡುವುದು. ಇನ್ನೊಂದು, ಪೋಸ್ಟರ್ ಮಾಡಿ ಸಭಾಂಗಣದ ಗೋಡೆಯ ಹಲಗೆಗೆ ಅಂಟಿಸುವುದು. ಇಪ್ಪತ್ತು ನಿಮಿಷ ಎಂದು ಓದುವಾಗಲೇ ಅವಳ ಬಾಯಿ ಒಣಗಿತು. ಕಣ್ಣು ಮುಚ್ಚಿ ಪೋಸ್ಟರಿಗೆ ಗುರುತು ಹಾಕಿದಳು. "ಚಿತ್ರ ಇಲ್ದಿದ್ರೆ ಯಾರೂ ನಿಂತು ನೋಡಲ್ಲಮ್ಮ," ಎಂದರು ಗೈಡ್ ಮೇಷ್ಟ್ರು. ಸರಿ, ಬೀದಿಯದೊಂದು ನಕ್ಷೆ ಬರೆದಳು. ಅಂಗಡಿಗೊಂದು ಚುಕ್ಕೆ: ಸರಿ ತೂಗುವುದಕ್ಕೆ ಹಸಿರು, ಹೆಚ್ಚು ತೂಗುವುದಕ್ಕೆ ನೀಲಿ, ಕಮ್ಮಿ ತೂಗುವುದಕ್ಕೆ ಕೆಂಪು. ಹೆಸರಿನ ಸುಳಿವೂ ಇಲ್ಲ, ಬರೀ ನಂಬರು. ಕೆಳಗೆ ಯಾವ ನಂಬರಿಗೆ ಎಷ್ಟು ಗ್ರಾಂ ವ್ಯತ್ಯಾಸ ಎಂಬ ಪಟ್ಟಿ. ಹಿಂದಿನ ದಿನವೇ ಹೋಗಿ ಹದಿನೇಳನೆಯ ಹಲಗೆಗೆ ಅಂಟಿಸಿ ಬಂದಳು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದಳು, ಪಾಪ.

ಬೆಳಿಗ್ಗೆ ಬಸ್ಸಿನಲ್ಲಿ ಜೊತೆಗೆ ನಾದಿನಿ ಬಂದಳು. ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಫೋನಿನಲ್ಲಿ ಪೋಸ್ಟರಿನ ಫೋಟೋ ತೋರಿಸಿದರೆ, ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದಳು.

"ಅಯ್ಯೋ ಅತ್ತಿಗೆ! ದೊಡ್ಡಂಗಡಿ ಕೆಂಪಾ?"

"ದೊಡ್ಡಂಗಡಿ ಅಂತ ಎಲ್ಲಿ ಬರ್ದಿದೆ?"

"ಬರೀಬೇಕಾ? ಬೀದಿ ತಿರುಗೋ ಮೂಲೇಲಿ ಇರೋದು ಇನ್ಯಾವುದು? ಇದು ಬಟ್ಟೆ ಸೋಪಿನವನು, ನೀಲಿ. ಇದು ಕೋಳಿ ತೂಗಿ ಮಾರೋ ಮೊಟ್ಟೆ ಅಂಗಡಿ. ಹಸಿರಂತೆ, ನಂಬಬೇಕಂತೆ! ನೀವು ಹೆಸರು ಬರೆದಿದ್ರೇ ವಾಸಿ ಇತ್ತು. ಓದಕ್ಕೆ ಬರದವ್ರಿಗಾದ್ರೂ ಗೊತ್ತಾಗ್ತಿರಲಿಲ್ಲ."

ತಕ್ಕಡಿಯಕ್ಕ ಫೋನು ಕಿತ್ತುಕೊಂಡು ತಾನೂ ನೋಡಿದಳು. ದಿನಕ್ಕೆ ನಾಲ್ಕು ಸಲ ಓಡಾಡುವ ಬೀದಿ. ಅವಳು ಬರೆಯುವಾಗ ನಂಬರುಗಳನ್ನು ಕಂಡಳೇ ಹೊರತು ಬೀದಿಯನ್ನು ಕಾಣಲಿಲ್ಲ. ಮುಚ್ಚಿದ ಕೋಣೆಯಾಗಿದ್ದರೆ ನಾಲ್ಕು ಜನ ನೋಡಿ ಮರೆಯುತ್ತಿದ್ದರು. ಇದು ಊರಿಗೆಲ್ಲ ತೆರೆದ ಸಭಾಂಗಣ.

"ಯಾರಿಗೂ ಹೇಳಬೇಡ ಕಣೇ."

"ನಾನ್ಯಾಕೆ ಹೇಳ್ಲಿ? ಗೋಡೆ ಮೇಲೇ ಇದೆಯಲ್ಲ."

ಸಭಾಂಗಣದ ಬಾಗಿಲಲ್ಲಿ ಇನ್ನೊಂದು ಏಟು. ಹೊಸ ಹಲಗೆಗಳನ್ನು ಕೊಟ್ಟದ್ದು ವರ್ತಕರ ಸಂಘವಂತೆ. ಅಧ್ಯಕ್ಷರೇ ಮುಖ್ಯ ಅತಿಥಿ. ಒಳಗೆ ನೋಡಿದರೆ ದೊಡ್ಡಂಗಡಿ ಯಜಮಾನರು ಇಸ್ತ್ರಿ ಶರ್ಟು ತೊಟ್ಟು ಮೂರನೆಯ ಹಲಗೆಯ ಮುಂದೆ ನಿಂತಿದ್ದಾರೆ, ಬೆನ್ನಿಗೆ ಪೇಟೆಯ ಏಳೆಂಟು ಜನ. ಪ್ರತಿ ಹಲಗೆಯ ಮುಂದೆಯೂ ತಲೆಯಾಡಿಸುತ್ತಾ, ಅರ್ಥವಾಗದ ಕಡೆ ಇನ್ನಷ್ಟು ಜೋರಾಗಿ ತಲೆಯಾಡಿಸುತ್ತಾ ಬರುತ್ತಿದ್ದಾರೆ.

ಅವಳು ಓಡಿಹೋಗಿ ನಕ್ಷೆಗೆ ಬೆನ್ನು ಕೊಟ್ಟು ನಿಂತಳು. ಆರನೆಯ ಹಲಗೆ. ಒಂಬತ್ತನೆಯದು. ಬೆನ್ನಿನ ಬೆವರಿಗೆ ಕಾಗದ ಅಂಟಿಕೊಳ್ಳತೊಡಗಿತು.

"ಸರಿದು ನಿಲ್ಲಮ್ಮ," ಎಂದರು ಹಾದುಹೋಗುತ್ತಿದ್ದ ಮೇಷ್ಟ್ರು. "ಜನ ಪೋಸ್ಟರ್ ನೋಡೋಕೆ ಬರ್ತಿರೋದು, ನಿನ್ನನ್ನಲ್ಲ."

ಅಂಟಿಸಿದ ಮೇಲೆ ಏನನ್ನು ತೆಗೆದರೂ ಇಪ್ಪತ್ತು ಅಂಕ ಕಡಿತ ಎಂದು ಗೋಡೆಯ ಮೇಲೆ ನಿಯಮ ಬರೆದಿತ್ತು. ಯಜಮಾನರು ಹನ್ನೆರಡನೆಯ ಹಲಗೆಗೆ ಬಂದರು. ಅವಳು ಚೀಲದಿಂದ ಬ್ಲೇಡು ತೆಗೆದಳು. ನಾಲ್ಕು ಗೀರು. ನಕ್ಷೆಯನ್ನು ಚೂರುಚೂರು ಮಾಡಿ, ಅರ್ಧ ಒಂದು ಕಸದ ಬುಟ್ಟಿಗೆ, ಉಳಿದರ್ಧ ಸಭಾಂಗಣದ ಆಚೆ ಕೊನೆಯ ಬುಟ್ಟಿಗೆ ಹಾಕಿ ಬಂದಳು. ಬರುವಷ್ಟರಲ್ಲಿ ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಪೋಸ್ಟರಿನ ತೂತನ್ನು ನೋಡುತ್ತಿದ್ದರು.

"ಇದೇನಮ್ಮ, ಕಿಟಕಿ?"

"ನಕ್ಷೆ ಇತ್ತು ಮೇಡಂ. ತೆಗೆದೆ. ಅಂಗಡಿ ಯಾವುದು ಅಂತ ಗೊತ್ತಾಗ್ತಿತ್ತು. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಇಪ್ಪತ್ತು ಅಂಕ ಹೋಗುತ್ತೆ, ಗೊತ್ತಲ್ವಾ?"

"ಗೊತ್ತು."

ಪರೀಕ್ಷಕಿ ಏನನ್ನೋ ಬರೆದುಕೊಂಡರು. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ದನಿ ಕೇಳಿತು.

"ಓಹೋ, ನಮ್ಮ ತಕ್ಕಡಿಯಕ್ಕ! ನೋಡ್ರಪ್ಪ, ನಮ್ಮ ಪೇಟೆ ಸರಸ್ವತಿ." ಯಜಮಾನರು ಪಟ್ಟಿಯ ಮೇಲೆ ಬೆರಳಾಡಿಸಿದರು. "ಒಂಬತ್ತನೇ ನಂಬರು, ಇಪ್ಪತ್ತೆಂಟು ಗ್ರಾಂ ಕಮ್ಮಿ! ಯಾವನವನು ಕಳ್ಳ? ಹೇಳು, ಸಂಘದಿಂದ ಆಚೆ ಹಾಕ್ತೀನಿ."

"ಕಳ್ಳತನ ಅಲ್ಲ ಯಜಮಾನ್ರೇ. ಸ್ಪ್ರಿಂಗ್ ಸೋತಿರುತ್ತೆ."

"ಹೋಗ್ಲಿ, ಬೇರೆಯವ್ರದು ಬೇಡ. ನಂದು ಹೇಳು. ಎಲ್ಲರ ಮುಂದೇನೇ ಹೇಳು, ನಂಗೇನು ಅಂಜಿಕೆ?"

ಏಳೆಂಟು ಜೊತೆ ಕಣ್ಣುಗಳು ಅವಳ ಬಾಯಿಯ ಮೇಲೆ. ಮೊಟ್ಟೆ ಅಂಗಡಿಯವನಂತೂ ಅರ್ಧ ನಗುತ್ತಲೇ ನಿಂತಿದ್ದ. ಹೇಳಿದರೆ ಮನುಷ್ಯನ ಮಾನ ಹೋಯಿತು; ನಾಳೆಯಿಂದ ಬೀದಿಯ ಯಾವ ಅಂಗಡಿಗೂ ಇವಳು ಕಾಲಿಡುವಂತಿಲ್ಲ. ಹೇಳದಿದ್ದರೆ ಅದೇ ಒಂದು ಉತ್ತರ.

"ಆಗಲ್ಲ ಯಜಮಾನ್ರೇ."

"ನಂದನ್ನ ನಂಗೇ ಹೇಳಕ್ಕಾಗಲ್ವಾ?"

"ಇಲ್ಲಿ ಆಗಲ್ಲ."

ಆ 'ಇಲ್ಲಿ' ಬಾಯಿಂದ ಜಾರಿಬಿಟ್ಟಿತ್ತು. ನಲವತ್ತು ವರ್ಷ ಗಿರಾಕಿಗಳ ಮುಖ ಓದಿದವರಿಗೆ ಅಷ್ಟು ಸಾಕು. ಯಜಮಾನರ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ನಗುವುದನ್ನು ಬಿಟ್ಟಿತ್ತು. "ಯಾರದೂ ಹೇಳಲ್ವಂತೆ. ಕಟ್ಟುನಿಟ್ಟಿನ ಹೆಂಗಸು ಕಣ್ರಯ್ಯ," ಎಂದು ಜನರ ಕಡೆ ತಿರುಗಿದರು. ಮುಂದೆ ಹೋಗುವ ಮುನ್ನ ಅವಳಿಗಷ್ಟೇ ಕೇಳುವಂತೆ, "ನಾಳೆ ಅಂಗಡಿ ತೆಗೆಯೋ ಮುಂಚೆ ಬಾ," ಎಂದರು.

ಸಂಜೆ ಅಂಕ ಹಾಕಿದರು. ಪಾಸಾಯಿತು, ಕೂದಲೆಳೆಯಲ್ಲಿ. ನಾದಿನಿ ಸಿಹಿ ಕೊಳ್ಳೋಣವೆಂದಳು. ತಕ್ಕಡಿಯಕ್ಕ ಬೇಡವೆಂದು ಬಸ್ಸು ಹತ್ತಿದಳು.

ಮರುದಿನ ಅವಳು ಒಳಗೆ ಬಂದೊಡನೆ ಯಜಮಾನರು ಬಾಗಿಲು ಮುಚ್ಚಿದರು. ಕತ್ತಲೆಯ ಅಂಗಡಿ, ಎದೆಯೆತ್ತರ ಮೂಟೆಗಳು.

"ಒಂಬತ್ತು ನಂದೇನಾ?"

"ಹೌದು."

ಯಜಮಾನರು ತಕ್ಕಡಿಯನ್ನು ಅವಳ ಮುಂದೆ ತಳ್ಳಿದರು. "ಸರಿ ಮಾಡು," ಎಂದರು. ಅವಳು ತಕ್ಕಡಿ ಬಿಚ್ಚಿದಳು. ಸ್ಕ್ರೂ ಎರಡು ಸಲ ನೆಲಕ್ಕೆ ಬಿತ್ತು. ಎರಡು ಸಲವೂ ಯಜಮಾನರೇ ಬಗ್ಗಿ ಎತ್ತಿಕೊಟ್ಟರು. ಬೈದಿದ್ದರೂ ಅವಳು ಅಷ್ಟು ಹೆದರುತ್ತಿರಲಿಲ್ಲ. ಕಿಲೋ ಬಟ್ಟು ಇಟ್ಟಾಗ ಮುಳ್ಳು ಸರಿಯಾಗಿ ಒಂದರ ಮೇಲೆ ಬಂದು ನಿಂತಿತು.

"ಇನ್ನೂ ಹದಿಮೂರು ಕಮ್ಮಿ ತೂಗ್ತವೆ ಅಂತ ಪಟ್ಟೀಲಿತ್ತು. ಯಾರ್ಯಾರು? ನಾನು ಅಧ್ಯಕ್ಷ, ನಂಗೆ ಗೊತ್ತಿರಬೇಕು. ಹೇಳು, ನಿನ್ನ ಕೆಲಸಕ್ಕೆ ಏನೂ ತೊಂದರೆ ಆಗಲ್ಲ."

ಹೇಳದಿದ್ದರೆ ಆಗುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಅವಳು ಚೀಲದ ಹಗ್ಗ ಬಿಗಿಯುತ್ತಾ ಕೂತಳು.

"ಅವರು ಕೇಳಿದ್ರೆ ನಿಮ್ಮದೂ ಹೇಳಲ್ಲ ಯಜಮಾನ್ರೇ."

ಯಜಮಾನರು ಅವಳನ್ನು ದಿಟ್ಟಿಸಿದರು. ಕೊಡುವುದೆಷ್ಟು ಬಿಡುವುದೆಷ್ಟು ಎಂದು ಲೆಕ್ಕ ಹಾಕುವವರ ನೋಟ. ಆಮೇಲೆ ಹೋಗಿ ಬಾಗಿಲು ತೆಗೆದರು. "ಆಯ್ತು, ಹೋಗು," ಎಂದರಷ್ಟೇ. ಮತ್ತೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಬೀದಿಯಲ್ಲಿ ಒಂದೊಂದೇ ಅಂಗಡಿ ಬಾಗಿಲು ತೆರೆಯುತ್ತಿತ್ತು. ಮುಚ್ಚಿದ ದೊಡ್ಡಂಗಡಿಯೊಳಗಿಂದ ಅವಳು ಹೊರಬಂದದ್ದನ್ನು ಅವರೆಲ್ಲ ನೋಡಿದ್ದರು. ದಿನವೂ "ಏನಕ್ಕಾ, ಬೇಗ ಬಂದ್ಬಿಟ್ಟೆ" ಎನ್ನುವ ಸೋಪಿನವನು ಅವತ್ತು ತಲೆಯೆತ್ತಲಿಲ್ಲ. ಬೀಗದ ಕೈ ಹುಡುಕುತ್ತಿದ್ದನೋ ಏನೋ. ಮೊಟ್ಟೆ ಅಂಗಡಿಯವನು ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅದು ಮೊಟ್ಟೆಯ ಮಾತೇ ಇರಬಹುದು. ತಕ್ಕಡಿಯಕ್ಕ ಚೀಲವನ್ನು ಎದೆಗವುಚಿಕೊಂಡು, ಎಡಕ್ಕೂ ನೋಡದೆ ಬಲಕ್ಕೂ ನೋಡದೆ, ಯಾರಾದರೂ ಕರೆದಾರೆಂದು ಹೆದರುತ್ತಾ, ಯಾರೂ ಕರೆಯರೆಂದು ಇನ್ನೂ ಹೆಚ್ಚು ಹೆದರುತ್ತಾ ನಡೆದಳು.