ಒಣ ಸೇತುವೆ ಮತ್ತು ಹದಿನೇಳನೆಯ ಲೋಡು

ಬರೆದಿಟ್ಟದ್ದನ್ನು ಮಾತ್ರ ನಂಬುವ ಸ್ವಭಾವ ನನ್ನದು. ಒಂಬತ್ತನೆಯ ಇಯತ್ತೆಯಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಯಾರಾದರೂ ದೆವ್ವ ಕಂಡ ಕತೆ ಹೇಳಿದರೆ ಮೂರು ಪ್ರಶ್ನೆ ಕೇಳುತ್ತಿದ್ದೆ: ಆಗ ಎಷ್ಟು ಗಂಟೆ? ನೀವು ಎಲ್ಲಿದ್ದಿರಿ? ಜೊತೆಗೆ ಯಾರಿದ್ದರು? ಮೂರನೆಯದಕ್ಕೆ ಬರುವಷ್ಟರಲ್ಲಿ ಕತೆ ಸೋರಿಹೋಗುತ್ತಿತ್ತು. ನಮ್ಮವ್ವ "ನಿನ್ನ ಮುಂದ ದೆವ್ವಾನೂ ಹಾಜರಿ ಹೇಳಬೇಕ ನೋಡ ಮಗಳ" ಎಂದು ನಗುತ್ತಿದ್ದಳು. ಈಗ ಅವೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡರೆ ಮೂರಕ್ಕೂ ಖಚಿತವಾದ ಉತ್ತರ ಇದೆ. ಆದರೂ ನಡೆದದ್ದು ಬಗೆಹರಿದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ನಮ್ಮದು ಯರಗುಪ್ಪಿ. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕೂತಾಗ, ಮಾಲು ತರುವ ಲಾರಿಗಳು ಯಾವ ದಿನ ಬರುತ್ತೇವೆಂದು ಹೇಳಿ ಯಾವ ದಿನ ಬಂದವು ಎಂದು ಬರೆಯತೊಡಗಿದೆ. ಒಂದು ವರ್ಷದಲ್ಲಿ ಎಪ್ಪತ್ತೆರಡು ಲೋಡು ಬಂದಿದ್ದವು. ಹೇಳಿದ ದಿನವೇ ಬಂದದ್ದು ಹತ್ತೊಂಬತ್ತು. ಆ ಹಾಳೆಯನ್ನು ಅಪ್ಪನ ಮುಂದಿಟ್ಟು, ನಾನೊಂದು ಲಾರಿ ತೆಗೆದುಕೊಳ್ಳುತ್ತೇನೆ, ಹೇಳಿದ ಹೊತ್ತಿಗೆ ಮಾಲು ಮುಟ್ಟಿಸುವುದೊಂದೇ ನನ್ನ ವ್ಯಾಪಾರ ಎಂದೆ. ಅಪ್ಪ ಹಾಳೆಯನ್ನು ಎರಡು ಸಲ ಓದಿದ. "ಡ್ರೈವರ್‌ನ ನೋಡಿ ಆರಿಸು. ಲಾರಿ ಯಾವುದಾದರೂ ನಡೀತೈತಿ" ಎಂದಷ್ಟೇ ಹೇಳಿದ.

ಹುಬ್ಬಳ್ಳಿಯಲ್ಲಿ ಆರು ಗಾಲಿಯ ಒಂದು ಹಳೆಯ ಲಾರಿ ಸಿಕ್ಕಿತು. ಡ್ರೈವರ್ ಕೆಲಸಕ್ಕೆ ಐದು ಮಂದಿ ಬಂದರು. ನಾಲ್ವರು ಮೊದಲು ನನ್ನನ್ನು ನೋಡಿದರು, ಆಮೇಲೆ ಅಪ್ಪನ ಕಡೆ ತಿರುಗಿ ಮಾತಾಡಿದರು. ಐದನೆಯವರು ಯಾರನ್ನೂ ನೋಡದೆ ನೇರವಾಗಿ ಲಾರಿಯ ಕೆಳಗೆ ತೂರಿದರು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಅಕ್ಕಾರ, ಮುದುಕಿ ಗಟ್ಟಿ ಅದಾಳ. ಬಾಜೂಕಿನ ಸ್ಪ್ರಿಂಗ್ ಪಾಟಾ ಒಂದು ಬದಲಿ ಮಾಡಿಸ್ರಿ" ಎಂದರು. ಅವರೇ ತಿರ್ಲಾಪುರದ ಫಕ್ಕೀರಪ್ಪ ಕಾಕಾ. ವಯಸ್ಸು ಐವತ್ತಾರು, ಸ್ಟಿಯರಿಂಗ್ ಹಿಡಿದು ಮೂವತ್ತು ವರ್ಷದ ಮೇಲಾಗಿತ್ತು.

ಕಾಕಾ ಅವರದು ಒಂದು ಪದ್ಧತಿ ಇತ್ತು. ಲೋಡು ಗಾಡಿಯನ್ನು ಯಾವ ಸೇತುವೆಯ ಮೇಲೂ ಸೀದಾ ಓಡಿಸುತ್ತಿರಲಿಲ್ಲ. ಗಾಡಿ ನಿಲ್ಲಿಸಿ, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಆ ತುದಿಯವರೆಗೆ ನಡೆದು ಬರುತ್ತಿದ್ದರು. ನಾನು ಮೊದಲ ವಾರವೇ ಲೆಕ್ಕ ಹಾಕಿದೆ. ಸೇತುವೆಗೆ ನಾಲ್ಕು ನಿಮಿಷ, ಹುಬ್ಬಳ್ಳಿ ದಾರಿಯಲ್ಲಿ ಮೂರು ಸೇತುವೆ, ಅಲ್ಲಿಗೆ ಹನ್ನೆರಡು ನಿಮಿಷ ವ್ಯರ್ಥ. ಹೇಳಿಯೂ ನೋಡಿದೆ.

"ಕಣ್ಣಿಗೆ ಕಾಣೂದು ಡಾಂಬರ ರೀ ಅಕ್ಕಾರ. ತೆಳಗಿನ ಪೊಳ್ಳು ಕಾಲಿಗೇ ತಿಳೀಬೇಕು" ಎಂದರು.

ಅಂದಿನಿಂದ ಪ್ರತಿ ಪ್ರಯಾಣಕ್ಕೆ ಹನ್ನೆರಡು ನಿಮಿಷ ಮೊದಲೇ ಹೊರಡುವುದೆಂದು ಬರೆದುಕೊಂಡೆ. ಅವರು ಸೇತುವೆ ತುಳಿಯುವಾಗ ನಾನು ಕ್ಯಾಬಿನ್ನಿನಲ್ಲಿ ಕೂತು ವಹಿ ಬರೆಯುತ್ತಿದ್ದೆ: ಹೊತ್ತು, ಕಿಲೋಮೀಟರು, ಡೀಸೆಲ್ಲು, ರಸ್ತೆ ಹೇಗಿದೆ, ಕಂಡದ್ದೇನು.

ಹೀಗೆ ಹದಿನಾರು ಲೋಡು ಮುಗಿದವು. ಹದಿನಾರೂ ಹೇಳಿದ ಹೊತ್ತಿಗೆ ಮುಟ್ಟಿದವು. ಆದರೆ ಅವೆಲ್ಲ ಬಿಡಿ ಬಿಡಿ ಬಾಡಿಗೆ. ಲಾರಿ ಉಳಿಯಬೇಕಾದರೆ ಉಳ್ಳಾಗಡ್ಡಿ ಹಂಗಾಮು ನಮಗೆ ಸಿಗಬೇಕಿತ್ತು. ಊರಲ್ಲಿ ಉಳ್ಳಾಗಡ್ಡಿ ಬೆಳೆಯುವ ಹನ್ನೊಂದು ಮನೆಯವರು ಕೂಡಿ ಹಂಗಾಮಿನ ಮಾಲನ್ನೆಲ್ಲ ಒಬ್ಬರಿಗೇ ವಹಿಸುತ್ತಿದ್ದರು, ಬಹಳ ವರ್ಷಗಳಿಂದ ಅದು ಪೇಟೆಯ ದೊಡ್ಡ ಲಾರಿ ಮಾಲೀಕರೊಬ್ಬರ ಪಾಲಾಗುತ್ತಿತ್ತು. ಹನ್ನೊಂದು ಮನೆಗಳ ಪರವಾಗಿ ಮಾತಾಡುವವರು ಈರಣ್ಣಗೌಡರು. ನಾಲ್ಕು ಸಲ ಅವರ ಕಟ್ಟೆಗೆ ಹೋಗಿ ಕೇಳಿದ ಮೇಲೆ ಒಂದು ಲೋಡು ಕೊಟ್ಟರು.

"ಗುರುವಾರ ಹನ್ನೊಂದರ ಹರಾಜಿನ ಸವಾಲಿಗೆ ಮಾಲು ಹುಬ್ಬಳ್ಳಿ ಮಾರ್ಕೆಟ್ ಮುಟ್ಟಬೇಕು. ಮುಟ್ಟಿತೋ, ಇಡೀ ಹಂಗಾಮು ನಿಂದು. ಮುಟ್ಟಲಿಲ್ಲೋ, ಮನ್ಯಾಗ ಡೈರಿ ಬರಕೋತ ಕುಂದ್ರು, ತಂಗೀ" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಆ ಮಾತನ್ನು ಇದ್ದಂತೆಯೇ ಬರೆದಿಟ್ಟೆ.

ಅದು ಸೆಪ್ಟೆಂಬರ್ ತಿಂಗಳು. ಆ ಗುರುವಾರ ಬೆಳಿಗ್ಗೆ ನಮ್ಮೂರಲ್ಲಿ ಒಂದು ಹನಿ ಮಳೆ ಇರಲಿಲ್ಲ. ಎಂಟು ಗಂಟೆ ಐದು ನಿಮಿಷಕ್ಕೆ ಹೊರಟೆವು. ಊರು ದಾಟಿದ ಮೇಲೆ ಹಳ್ಳಕ್ಕೆ ಒಂದು ತಗ್ಗಿನ ಸೇತುವೆ ಇದೆ, ಎರಡೂ ಬದಿಗೆ ಸೊಂಟದೆತ್ತರದ ಕಲ್ಲು ನೆಟ್ಟಿದ್ದಾರೆ. ಅಲ್ಲಿಗೆ ಮುಟ್ಟಿದಾಗ ಎಂಟೂ ಮೂವತ್ತು. ಕಾಕಾ ಗಾಡಿ ನಿಲ್ಲಿಸಿ ಇಳಿದರು. ನಾನು ತಲೆಯೆತ್ತಿ ಮುಂದಿನ ಗಾಜಿನಿಂದ ನೋಡಿದೆ. ಅಂದು ಬರೆದ ಸಾಲು ಇದು: "೮.೩೦. ತಗ್ಗಿನ ಸೇತುವೆ ಒಣ. ಬಿಸಿಲು. ಎಡಗಡೆ ಕಲ್ಲುಗಳ ಮೇಲೆ ಮೂರು ಬೆಳ್ಳಕ್ಕಿ. ಬೇರೆ ಗಾಡಿ ಇಲ್ಲ."

ಕಾಕಾ ಆ ದಿನ ಹೆಚ್ಚು ಹೊತ್ತು ತೆಗೆದುಕೊಂಡರು. ತಿರುಗಿ ಬಂದು ಬಾಗಿಲು ಹಿಡಿದು ನಿಂತಾಗ ಅವರ ಪ್ಯಾಂಟು ಸೊಂಟದವರೆಗೆ ತೊಯ್ದಿತ್ತು. ಕೆಳಗಿಳಿದು ಕೈಕಾಲು ತೊಳೆದುಕೊಂಡರೇನೋ ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ಅಕ್ಕಾರ, ಹೋಗೂಣೇನ್ರಿ?"

"ಹೋಗೂಣು. ಯಾಕ ನಿಂತ್ರಿ?" ಎಂದೆ, ಬರೆಯುತ್ತಲೇ.

ಅವರು ಮೇಲೆ ಹತ್ತಿ ಸ್ಟಿಯರಿಂಗಿಗೆ ಕೈಮುಗಿದರು. ಹಾಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಲ ಗೇರಿನಲ್ಲಿ, ಎತ್ತಿನ ಬಂಡಿಗಿಂತ ನಿಧಾನವಾಗಿ ಗಾಡಿ ಬಿಟ್ಟರು. ನನಗೆ ಸಿಟ್ಟು ಬಂತು. "ಜರಾ ಲಗೂ ಹೊಡೀರಿ ಕಾಕಾ, ಹಿಂಗಾದರ ಸವಾಲು ತಪ್ಪತೈತಿ" ಎಂದೆ. ಅವರ ಕಣ್ಣು ಬದಿಯ ಕಲ್ಲುಗಳ ಮೇಲಿತ್ತು. ತುಟಿ ಅಲುಗುತ್ತಿತ್ತು, ಏನನ್ನೋ ಎಣಿಸುತ್ತಿದ್ದಂತೆ ಕಂಡಿತು. ಆ ದಡ ಸೇರಲು ಆರು ನಿಮಿಷ ಬೇಕಾಯಿತು. ವಹಿಯಲ್ಲಿ "ಗಾಡಿ ಎಳೆಯುತ್ತಿಲ್ಲ, ಕ್ಲಚ್ ತೋರಿಸಬೇಕು" ಎಂದು ಬರೆದೆ. ಆ ಆರು ನಿಮಿಷದಲ್ಲಿ ನನಗೆ ಕೇಳಿಸಿದ್ದು ಎಂಜಿನ್ನಿನ ಸದ್ದು ಮಾತ್ರ.

ಹತ್ತೂ ಕಾಲಿಗೆ ಮಾರುಕಟ್ಟೆ ಸೇರಿದೆವು. ಬೇರೆ ದಿನ ಕಾಲಿಡಲು ಜಾಗವಿಲ್ಲದ ಕಡೆ ಅರ್ಧ ಅಂಗಳ ಖಾಲಿ ಬಿದ್ದಿತ್ತು. ಹಮಾಲರು ಗಾಡಿಯ ಸುತ್ತ ಸೇರಿದರು. ಅವರಲ್ಲಿ ಹಿರಿಯನೊಬ್ಬ, "ಯಾವ ಊರ ಮಾಲ ರೀ ಇದು?" ಎಂದ. ಯರಗುಪ್ಪಿ ಎಂದೆ.

"ಯಾವ ದಾರೀಲೆ ಬಂದ್ರಿ?"

"ದಿನಾ ಬರೂ ದಾರೀಲೆ."

"ಚಾಷ್ಟಿ ಮಾಡಬ್ಯಾಡ್ರಿ ಅಕ್ಕಾರ. ಮ್ಯಾಲ ಮಳಿ ಹೊಡದು ನಸಕಿನಾಗ ಹಳ್ಳ ತುಂಬಿ ಬಂದೈತಿ. ಆ ಕಡೆ ಒಂದು ಇರಿವಿ ದಾಟಿಲ್ಲ."

ನಾನು ಕೆಳಗಿಳಿದು ಗಾಡಿಯನ್ನು ನೋಡಿದೆ. ಗಾಲಿಯ ನಡುಮಧ್ಯದ ಮೇಲೆ, ಒಂದು ಗೇಣಿನಷ್ಟು ಎತ್ತರಕ್ಕೆ ಕೆಸರಿನ ಗೆರೆ ಎರಡೂ ಬದಿಗೆ ನೇರವಾಗಿ ಎಳೆದ ಹಾಗಿತ್ತು. ಹಿಂದಿನ ಎಕ್ಸೆಲ್ಲಿಗೆ ಹಸಿರು ಜೊಂಡು, ಗೋವಿನಜೋಳದ ದಂಟು ಸುತ್ತಿಕೊಂಡು ನೀರು ತೊಟ್ಟಿಕ್ಕುತ್ತಿತ್ತು. ಹಗ್ಗದ ತುದಿ ತೊಯ್ದಿತ್ತು, ಮೇಲೆ ಚೀಲಗಳು ಒಣದಾಗಿಯೇ ಇದ್ದವು.

ಹನ್ನೊಂದಕ್ಕೆ ಸವಾಲು ಕೂಗಿದರು. ನಮ್ಮ ಭಾಗದಿಂದ ಬಂದದ್ದು ಅದೊಂದೇ ಲೋಡು. ಖರೀದಿದಾರರು ಒಬ್ಬರ ಮೇಲೊಬ್ಬರು ಕೂಗಿದರು. ಅಂದಿನ ಎಲ್ಲಕ್ಕಿಂತ ಮೇಲಿನ ದರ ನಮ್ಮ ಚೀಲಗಳಿಗೆ ಬಂತು. ಕೆಸರಿನ ಗೆರೆ ಮರೆತು ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅದೇ ಹೊತ್ತಿಗೆ ಈರಣ್ಣಗೌಡರ ಫೋನು ಬಂತು.

"ಹಳ್ಳ ಬಂದೈತಂತ. ಮಾಲು ತಿರುಗಿಸಿಕೊಂಡು ಬಾರವಾ, ನಿಂದೇನ ತಪ್ಪಿಲ್ಲ" ಎಂದರು. ದನಿಯಲ್ಲಿ ಕರುಣೆ ಇತ್ತು.

"ಸವಾಲು ಮುಗೀತರಿ ಗೌಡ್ರ. ನಿಮ್ಮ ಮಾಲೇ ಇವತ್ತಿನ ರಾಜಾ."

ಗೌಡರು ದರ ಎಷ್ಟೆಂದು ಎರಡು ಸಲ ಕೇಳಿದರು. ಆಮೇಲೆ, "ಹಾರಿ ಹೋದೇನಬೇ?" ಎಂದರು.

ಚಹದ ಅಂಗಡಿಯ ಬಾಂಕಿನ ಮೇಲೆ ಕೂತು, ಸೇತುವೆಯ ಮೇಲೆ ನೀರು ಎಲ್ಲಿತ್ತು ಎಂದು ನಾನು ಕಾಕಾನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ವಹಿ ತೆಗೆದು "ತಗ್ಗಿನ ಸೇತುವೆ ಒಣ" ಎಂದು ಓದಿ ತೋರಿಸಿದಾಗ ಅವರು ಚಹದ ಬಸಿ ಹಿಡಿದೇ ಆ ಸಾಲಿನತ್ತ ಬಾಗಿದರು.

"ನೀರು ಮೊಣಕಾಲ ಮ್ಯಾಲ ಇತ್ತರಿ ನಡೀಲಿಕ್ಕೆ ಹೋದಾಗ. ನಟ್ಟನಡುವ ಸೊಂಟಕ್ಕ ಸಿಡೀತಿತ್ತು. ತೆಳಗ ಬ್ರಿಜ್ ಗಟ್ಟಿ ಇತ್ತು, ಅದು ಕಾಲಿಗೆ ತಿಳೀತು. ಆದ್ರೂ ತಿರುಗಿ ಹೋಗೂಣು ಅಂತ ಹೇಳಾಕನ ಬಂದೆ. ನೋಡ್ತೀನಿ, ನೀವು ಆರಾಮ ಬರಕೋತ ಕುಂತೀರಿ. ಕೇಳಿದ್ರ ಹೋಗೂಣು ಅಂದ್ರಿ. ನೀರಾಗ ನಡುವ ಇದ್ದಾಗ ಲಗೂ ಹೊಡಿ ಅಂದ್ರಿ! ಈ ಹುಡುಗಿ ಹುಚ್ಚಿ ಇರಬೇಕು, ಇಲ್ಲಾ ಇಕಿ ಮೈಯಾಗ ದೇವರು ಇರಬೇಕು ಅಂದುಕೊಂಡೆ."

"ನೀವ್ಯಾಕ ಹೋದ್ರಿ ಕಾಕಾ? ಮೂವತ್ತು ವರ್ಷದ ಡ್ರೈವರು ನೀವು."

ಅವರು ಬಸಿಯನ್ನು ಕೆಳಗಿಟ್ಟರು. "ಇಷ್ಟು ವರ್ಷ ಮಾಲಕರು ಮನ್ಯಾಗ ಕುಂತು ಫೋನಿನ್ಯಾಗ ದಾಟು ಅಂತಿದ್ರು. ನಾ ಒಲ್ಲೆ ಅಂತಿದ್ದೆ, ಕೆಲಸ ಬಿಡತಿದ್ದೆ. ಬಾಜೂಕ ಕುಂತು ಹೋಗೂಣು ಅಂದವರು ನೀವೊಬ್ಬರ. ನಿಮ್ಮ ಜೀವಾನೂ ನನ್ನ ಕೈಯಾಗ ಇಟ್ಟೀರಿ ಅನ್ನಿಸ್ತು. ಕಲ್ಲಿನ ತುದಿ ಎಣಿಸಿಕೋತ ದಾಟಿಸಿದೆ."

ನಾನು ಧೈರ್ಯದಿಂದ ಕೂತಿದ್ದೇನೆಂದು ಅವರು ತಿಳಿದರು. ನನಗೆ ಧೈರ್ಯದ ಅಗತ್ಯವೇ ಕಂಡಿರಲಿಲ್ಲ. ನೀರು ಕಂಡಿದ್ದರೆ, ಆಣೆ ಮಾಡಿ ಹೇಳುತ್ತೇನೆ, ನಾನೇ ಮೊದಲು ಇಳಿದು ಮನೆಯ ಕಡೆ ಓಡುತ್ತಿದ್ದೆ. ಅಲ್ಲಿಗೆ ಹಂಗಾಮೂ ಹೋಗುತ್ತಿತ್ತು, ಬಹುಶಃ ಲಾರಿಯೂ.

ಮರುದಿನ ಊರಲ್ಲಿ ನಮ್ಮನ್ನು ಮೆರವಣಿಗೆ ಮಾಡುವುದೊಂದು ಬಾಕಿ. ಈರಣ್ಣಗೌಡರು ತಾವೇ ಅಂಗಡಿಗೆ ಬಂದು, ಹನ್ನೊಂದು ಮನೆಯವರ ಎದುರಿಗೆ ಎಲೆ ಅಡಿಕೆ ಕೊಟ್ಟು ಹಂಗಾಮನ್ನು ನಮಗೆ ಒಪ್ಪಿಸಿದರು. "ಡೈರಿ ಬರಕೋತ ಕುಂದ್ರು ಅಂದಿದ್ದೆ. ಖರೇನ ಬರಕೋತ ಕುಂತು ಹಳ್ಳ ದಾಟಿದಳಲೋ ಇಕಿ" ಎಂದು ಅಪ್ಪನ ಬೆನ್ನಿಗೆ ಗುದ್ದಿದರು. ಅಲ್ಲೇ ನಿಂತಿದ್ದ ಟ್ರ್ಯಾಕ್ಟರಿನವನು, ತಾನು ಏಳು ಗಂಟೆಯಿಂದ ದಡದಲ್ಲಿ ನಿಂತಿದ್ದೆ, ತನ್ನ ಹಿಂದೆ ಇನ್ನೂ ಎರಡು ಗಾಡಿ ಇದ್ದವು, ಎಲ್ಲರೂ ಬೇಡ ಬೇಡ ಎಂದು ಕೂಗಿದೆವು ಎಂದ. "ನೀವು ತಲಿ ಎತ್ತಿ ನಮ್ಮನ್ನ ನೋಡಿದ್ರಿ ಅಕ್ಕಾ. ನೋಡಿ ಮತ್ತ ಬರಿಯಾಕ ಹತ್ತಿದ್ರಿ." ಅವನು ಸುಳ್ಳು ಹೇಳುವ ಪೈಕಿಯವನಲ್ಲ.

ಆಮೇಲೆ ನನ್ನ ಕೈಲಾದಷ್ಟು ಪರೀಕ್ಷೆ ಮಾಡಿದ್ದೇನೆ. ಧಾರವಾಡದಲ್ಲಿ ಕಣ್ಣು ತೋರಿಸಿದೆ, ದೋಷವಿಲ್ಲ. ಅಪ್ಪನ ಗೆಳೆಯರಾದ ನಿವೃತ್ತ ಮಾಸ್ತರರೊಬ್ಬರು, ಹಿಂದಿನ ಸಲ ಕಂಡ ಸೇತುವೆಯೇ ನಿನ್ನ ಮನಸ್ಸಿನಲ್ಲಿ ಅಚ್ಚಾಗಿತ್ತು, ಗಡಿಬಿಡಿಯಲ್ಲಿ ಅದೇ ಮತ್ತೆ ಕಂಡಿತು ಎಂದರು. ಒಳ್ಳೆಯ ಮಾತು. ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಆ ಸೇತುವೆಯನ್ನು ಅದಕ್ಕೂ ಮೊದಲು ಇಪ್ಪತ್ತೆರಡು ಸಲ ದಾಟಿದ್ದೆ. ಮೂರು ಬೆಳ್ಳಕ್ಕಿ ಒಂದು ಪುಟದಲ್ಲೂ ಇಲ್ಲ. ಎಂಟೂವರೆಗೆ ಅಲ್ಲಿ ಮುಟ್ಟಿದ್ದೂ ಅದೊಂದೇ ಸಲ. ನಾನು ಕಂಡದ್ದು ಯಾವ ದಿನದ ಸೇತುವೆ?

ನಮ್ಮಿಬ್ಬರಿಗೂ ಅದರಿಂದ ಒಂದು ಕಟ್ಟುಪಾಡಾಯಿತು. ಈಗ ಸೇತುವೆ ಬಂದರೆ ನಾನೂ ಇಳಿಯುತ್ತೇನೆ, ಚಪ್ಪಲಿ ಬಿಟ್ಟು ಕಾಕಾನ ಜೊತೆ ನಡೆಯುತ್ತೇನೆ. ಡಾಂಬರಿನ ಮೇಲೆ ನೀರು ಕಂಡರೆ, ಅದು ಬೆರಳು ಮುಳುಗುವಷ್ಟೇ ಇದ್ದರೂ, ಗಾಡಿ ತಿರುಗುತ್ತದೆ. ಮಾಲು ತಡವಾಗುತ್ತದೆಂದು ರೈತರಿಗೆ ನಾನೇ ಫೋನು ಮಾಡಿ ಹೇಳುತ್ತೇನೆ, ಯಾರೂ ಬೇಸರಪಟ್ಟಿಲ್ಲ. ಅಂದಿನ ಸಾಹಸವನ್ನು ಹೊಸ ಡ್ರೈವರುಗಳ ಮುಂದೆ ಯಾರಾದರೂ ಹೊಗಳಿದರೆ ಕಾಕಾ ಎದ್ದು ಹೋಗುತ್ತಾರೆ. ಹೊಸ ಡ್ರೈವರುಗಳು ಎಂದೆ. ಹೌದು, ಈಗ ನಮ್ಮ ಅಂಗಳದಲ್ಲಿ ಮೂರು ಲಾರಿ ನಿಲ್ಲುತ್ತವೆ. ಉಳ್ಳಾಗಡ್ಡಿಯ ಜೊತೆ ಹತ್ತಿ, ಕಡಲೆಯೂ ನಮ್ಮ ಗಾಡಿಯಲ್ಲೇ ಹೋಗುತ್ತವೆ. ಪೇಟೆಯ ಆ ದೊಡ್ಡ ಮಾಲೀಕರು ಕಳೆದ ಹಂಗಾಮಿನಲ್ಲಿ ನಮ್ಮದೊಂದು ಗಾಡಿಯನ್ನು ಬಾಡಿಗೆಗೆ ಕೇಳಿ ಪಡೆದರು. ಅದೆಲ್ಲ ನನ್ನ ದುಡಿಮೆಯ ಫಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆ ಆರು ನಿಮಿಷವೊಂದನ್ನು ಮಾತ್ರ ಯಾರ ಹೆಸರಿಗೆ ಬರೆಯಬೇಕೋ ತಿಳಿಯದು.

ಪ್ರತಿ ವರ್ಷ ಹಳ್ಳ ಬಂದಿತೆಂದು ಸುದ್ದಿ ತಿಳಿದೊಡನೆ ಸ್ಕೂಟಿ ತೆಗೆದುಕೊಂಡು ದಡಕ್ಕೆ ಹೋಗುತ್ತೇನೆ. ದೂರದಲ್ಲಿ, ಸುರಕ್ಷಿತವಾದ ಕಡೆ ನಿಂತು, ಸೇತುವೆ ಇರಬೇಕಾದ ಜಾಗವನ್ನು ಕಣ್ಣು ಕೀಲಿಸಿ ನೋಡುತ್ತೇನೆ. ಇದುವರೆಗೆ ಐದು ಸಲ ನೋಡಿದ್ದೇನೆ. ಐದು ಸಲವೂ ನನಗೆ ನೀರೇ ಕಂಡಿದೆ.