ಘಾಟಿನ ಮೆಟ್ಟಿಲ ಮೇಲಿನ ಕಾಳು

ಆಯಿಯ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿದು ನಿಂತಿತ್ತು. ಆ ಸಂದಿಯಲ್ಲಿ ಒಂದೇ ಒಂದು ಜೋಳದ ಕಾಳು ಹಿಡಿದು, ಸೊಂಟ ಬಗ್ಗಿಸದೆ, ಕಾಲು ಮಡಚಿ ಕೈಗೆ ಎತ್ತಿಕೊಳ್ಳುತ್ತಿದ್ದಳು. ತಲೆಯ ಮೇಲೆ ತುಂಬಿದ ಕೊಡ ಇದ್ದಾಗಲೂ ಅಷ್ಟೇ. ನಾವು ಹುಡುಗಿಯರು ಅದನ್ನು ಕಲಿಯಲು ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಉರುಳಿ ಬೀಳುತ್ತಿದ್ದೆವು. “ಚಪ್ಪಲಿ ಹಾಕ್ಕೊಂಡ ಕಾಲಿಗಿ ಕಾಳು ಕಾಣಂಗಿಲ್ಲ, ತಾಯಿ” ಎಂದು ನಗುತ್ತಿದ್ದಳು.

ಮಾಂಜರಾ ದಡದ ನಮ್ಮ ಊರನ್ನು ಈಗ ನೋಡಿದವರು ಅಲ್ಲೊಂದು ಪೇಟೆ ಇತ್ತೆಂದರೆ ನಂಬಲಾರರು. ನಿಜಾಮರ ಕಾಲದಿಂದಲೂ ಔರಾದ್ ಕಡೆಯ ಜೋಳ, ತೊಗರಿ, ಉದ್ದು ದೋಣಿಯಲ್ಲಿ ಹೊಳೆ ದಾಟಿ ನಮ್ಮ ಘಾಟಿಗೆ ಬರುತ್ತಿತ್ತು. ಇಲ್ಲಿಂದ ಬಂಡಿಯೇರಿ ಭಾಲ್ಕಿ ಸ್ಟೇಷನ್ನಿಗೆ ಹೋಗುತ್ತಿತ್ತು. ನೀರಿನ ಅಂಚಿನಿಂದ ಅಂಗಡಿಗಳ ಸಾಲಿನ ತನಕ ಮೆಟ್ಟಿಲು. ದಲ್ಲಾಳಿ ಹಿಡಿದು ರೈತರ ಕಾಳು ಮಾರಿಕೊಡುವ ಮೂಲೆಯ ಅಡತಿ ಅಂಗಡಿ ನಮ್ಮಪ್ಪನದು. ಹಮಾಲರ ಬೆನ್ನ ಮೇಲಿನ ಚೀಲದಿಂದ ಮೆಟ್ಟಿಲ ಮೇಲೆ ಉದುರಿದ ಕಾಳನ್ನು ಗುಡಿಸಿಕೊಳ್ಳುವ ಹಕ್ಕು ಆಕೆಯದು. ಆಕೆಯ ಅತ್ತೆಯ ಕಾಲದಿಂದ ಬಂದದ್ದು. ದೀಪಾವಳಿ ಪಾಡ್ಯದ ದಿನ ಅಂಗಡಿಕಾರರೆಲ್ಲ ಸೇರಿ ಹೊಸ ಕಸಬರಿಗೆ, ಹೊಸ ಮೊರಕ್ಕೆ ಕುಂಕುಮ ಹಚ್ಚಿ ಆಕೆಯ ಕೈಗೆ ಕೊಡುತ್ತಿದ್ದರು. ಊರಿಗೆಲ್ಲ ಆಕೆ ಘಾಟಿನ ಆಯಿ.

ಹಕ್ಕಿಗೆ ಗಡಿ ಅಂಗಡಿಯ ಹೊಸ್ತಿಲು. ಒಮ್ಮೆ ನಮ್ಮ ಬಾಗಿಲಲ್ಲೇ ಚೀಲ ಹರಿದು ಕಾಳು ಒಳಗೂ ಹೊರಗೂ ಚೆಲ್ಲಿತು. “ಎಲ್ಲಾ ತುಂಬ್ಕೋ ಆಯಿ” ಎಂದ ಅಪ್ಪ. ಆಕೆ ಹೊರಗಿನದಷ್ಟನ್ನೇ ಗುಡಿಸಿದಳು. “ಒಳಗಿಂದು ನಿಮ್ದು ರೀ ಸಾವಕಾರ್ರ. ಅದಕ್ಕ ಕೈ ಹಚ್ಚಿದ್ರ ನಾಳಿ ಹೊರಗಿಂದು ನಂದು ಅಂತ ಹ್ಯಾಂಗ ಹೇಳ್ಲಿ?” ಇಂಥ ಮೊಂಡು ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಒಂದು ಮಳೆಗಾಲ ಹೊಳೆ ಅಂಗಡಿಯೊಳಗೇ ಬಂತು. ಅಪ್ಪನ ಗೋದಾಮಿನ ಕಾಳೆಲ್ಲ ಮೊಳಕೆಯೊಡೆದು ನಾರಿತು. ದೋಣಿ ನಿಂತಿತು, ಬಂಡಿಯ ದಾರಿ ಕೆಸರಾಯಿತು. ಆಯಿಯ ಮನೆ ದಿಬ್ಬದ ಮೇಲಿತ್ತು. ಗುಡಿಸಿ, ಹಸನು ಮಾಡಿ, ಬೂದಿ ಬೆರೆಸಿಟ್ಟ ಜೋಳ ಆಕೆಯ ವಾಡೆಯ, ಅಂದರೆ ಮಣ್ಣಿನ ಕಣಜದ, ತುಂಬ ಇತ್ತು. ಹಮಾಲರ ಮನೆಗಳಿಗೂ ನಮ್ಮ ಮನೆಗೂ ಮೊರದಲ್ಲಿ ತಾನೇ ಹೊತ್ತು ತಂದಳು. ಅವ್ವ ಇಸಿದುಕೊಳ್ಳಲು ನಾಚಿದಾಗ, “ಘಾಟಿಂದು ಘಾಟಿಗೇ ಬಂದದ, ರೊಟ್ಟಿ ಬಡೀರಿ” ಎಂದಳು. ಹೊಳೆ ಇಳಿಯುವ ತನಕ ನಾವೆಲ್ಲ ಆ ರೊಟ್ಟಿಯನ್ನೇ ತಿಂದೆವು, ಅಪ್ಪನೂ ತಿಂದ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಘಾಟಿನ ದೆಸೆ ತಿರುಗಿತು. ಬೀದರ ಜಿಲ್ಲೆಯ ಕೆಲವು ತಾಲೂಕುಗಳು ಆಚೆಯ ರಾಜ್ಯಗಳಿಗೆ ಹೋದವು. ಅಲ್ಲಿಂದ ಬರುತ್ತಿದ್ದ ಮಾಲು ನಿಂತಿತು. ಉಳಿದದ್ದು ಹೊಸ ಸೇತುವೆ ದಾಟಿ ಲಾರಿಯಲ್ಲಿ ನೇರ ಭಾಲ್ಕಿಯ ಗಂಜ್‌ಗೆ, ಅಂದರೆ ಕಾಳಿನ ದೊಡ್ಡ ಪೇಟೆಗೆ, ಹೋಗತೊಡಗಿತು. ಅಪ್ಪನೂ ಅಡತಿಯನ್ನು ಅಲ್ಲಿಗೇ ಸಾಗಿಸಿದ. “ಘಾಟು ಅಲ್ಲಿಗಿ ಹೋಗ್ಯಾದ ಅಂದ್ರ ನಾನೂ ಹೋಗ್ಬೇಕಲ್ಲ” ಎಂದು ಆಯಿ ಒಂದು ದಿನ ಕಸಬರಿಗೆ, ಮೊರ ಹಿಡಿದು ಬಸ್ಸು ಹತ್ತಿದಳು.

ನಾನಾಗ ಭಾಲ್ಕಿಯಲ್ಲಿ ಶಾಲೆಯ ಕೆಲಸಕ್ಕೆ ಸೇರಿದ್ದೆ. ಅಪ್ಪನಿಗೆ ಬುತ್ತಿ ಒಯ್ದಾಗ ಗಂಜ್ ಗೇಟಿನಲ್ಲಿ ಜನ ಗುಂಪುಗೂಡಿತ್ತು. ನಡುವೆ ಆಯಿ. ಕಾವಲುಗಾರ ಆಕೆಯ ರಟ್ಟೆ ಹಿಡಿದಿದ್ದ. ಮೊರ ಬೋರಲು ಬಿದ್ದು ಜೋಳ ಚೆಲ್ಲಿತ್ತು. “ಮುದುಕಿ ಚೋರಿ ಮಾಡ್ಲಕತ್ತಾಳ್ರಿ!” ಎಂದು ಅವನು ಕೂಗುತ್ತಿದ್ದ. ಘಾಟಿನ ಆಯಿಗೆ ಕಳ್ಳಿ ಎನ್ನುವುದೇ?

ಆಕೆ ಮಾತ್ರ ಅಂಜಿರಲಿಲ್ಲ. “ಚೋರಿ ಅಲ್ಲೋ ತಮ್ಮಾ. ಹೊಸ್ತಿಲ ಎಲ್ಲದ ಅಂತ ಮುಂಜಾನಿಂದ ಹುಡುಕ್ಲಕತ್ತೀನಿ, ಇಲ್ಲಿ ಹೊಸ್ತಿಲೇ ಇಲ್ಲ. ಅದಕ್ಕ ಬರೇ ರಸ್ತಾದಂದು ಗುಡಿಸೀನಿ. ತಗೋ, ಸಾವಕಾರ್ರು ಬಂದ್ರು, ಅವ್ರಿಗೇ ಕೇಳು.”

ಅಪ್ಪ ಬಂದ. ನನಗೆ ಉಸಿರು ಬಂದಂತಾಯಿತು. ಅಪ್ಪ ಕಾವಲುಗಾರನ ಹೆಗಲ ಮೇಲೆ ಕೈಯಿಟ್ಟು ನಕ್ಕ.

“ನಮ್ಮ ಊರ ಮುದುಕಿ ಅದಾಳ, ಪಾಪ, ಬಡವಿ. ನಾ ಖೈರಾತ ಕೊಟ್ಟೀನಿ ಅಂತ ತಿಳ್ಕೊಂಡು ಬಿಟ್ಬಿಡಪ್ಪ.”

ಕಳ್ಳಿ ಎಂದಾಗ ಬಾಡದ ಮುಖ ಈಗ ಬಿಳಿಚಿತು. “ಖೈರಾತ ಏನ್ರಿ ಸಾವಕಾರ್ರ?” ಎಂದಳು. “ನಂದು ಭಿಕ್ಷಾ ಆಗಿತ್ತೇನ್ರಿ?”

ಅಪ್ಪನಿಗೆ ತಿಳಿಯಲೇ ಇಲ್ಲ. ಒಳ್ಳೆಯದೇ ಮಾಡಿದೆನೆಂದು ಅವನು ಕೊನೆಯವರೆಗೂ ನಂಬಿದ್ದ. ಹೊಳೆ ಬಂದ ವರ್ಷ ನಿಮ್ಮ ಮನೆಯಲ್ಲಿ ಬಡಿದದ್ದು ಯಾರ ಜೋಳದ ರೊಟ್ಟಿ ಎಂದು ಆಯಿ ಕೇಳಲಿ ಎಂದು ನಾನು ಕಾದೆ. ಆ ನೆರೆದ ಜನದ ಮುಂದೆ ಒಂದು ಮಾತು ಸಾಕಿತ್ತು. ಆಕೆ ಕೇಳಲಿಲ್ಲ. ಕಸಬರಿಗೆ, ಮೊರ ಅಲ್ಲೇ ಬಿಟ್ಟು, ಚೆಲ್ಲಿದ ಜೋಳವನ್ನು ತುಳಿದುಕೊಂಡೇ ಗೇಟು ದಾಟಿದಳು. ಆ ಪಾದ ಕಾಳು ತುಳಿದದ್ದನ್ನು ಹುಟ್ಟಿದಾಗಿನಿಂದ ನಾನು ಕಂಡಿರಲಿಲ್ಲ.

ಮುಂದೆ ಊರಿಗೆ ಹೋದಾಗ ಆಯಿಯ ಕಾಲಲ್ಲಿ ಟೈರಿನ ಚಪ್ಪಲಿ ಇತ್ತು. ಮನೆಯೊಳಗೂ ಅದನ್ನು ಬಿಡುತ್ತಿರಲಿಲ್ಲವಂತೆ.

“ಯಾಕ ಆಯಿ?” ಎಂದೆ.

“ಕಾಲಿಗಿ ಕಾಳು ಹತ್ತಬಾರ್ದು ತಾಯಿ” ಎಂದಳು. ನನಗೆ ಚಹಾ ಮಾಡಿಕೊಟ್ಟು, ಶಾಲೆಯ ಸುದ್ದಿ ಕೇಳಿದಳು. ಗಂಜ್ ಮಾತು ಎತ್ತಲಿಲ್ಲ.

ಆಯಿ ತೀರಿಕೊಂಡಾಗ ಊರಿನವರೆಲ್ಲ ಭಾಲ್ಕಿಯಿಂದ, ಬೀದರದಿಂದ ಬಂದರು. ಮುದುಕರಾಗಿದ್ದ ಹಮಾಲರು ತಾವೇ ಹೆಗಲು ಕೊಟ್ಟರು. ಸುಡುವ ಜಾಗ ಹೊಳೆಯ ದಂಡೆಯಲ್ಲಿ. ಘಾಟಿನ ಮೆಟ್ಟಿಲು ಇಳಿದೇ ಹೋಗಬೇಕು. ಹೆಣದ ಮುಂದೆ ಕಾಳು ತೂರುವುದು ನಮ್ಮ ಕಡೆಯ ಪದ್ಧತಿ. ಅಪ್ಪ ತನ್ನ ಅಡತಿಯಿಂದ ಚೀಲ ಜೋಳ ತರಿಸಿ, ಅಳುತ್ತ, ಬೊಗಸೆ ಬೊಗಸೆ ತೂರುತ್ತ ಮುಂದೆ ನಡೆದ. ಚಪ್ಪಲಿ ತೆಗೆದಿದ್ದ ಆಯಿಯ ಪಾದಗಳು ಬಟ್ಟೆಯ ಹೊರಗೆ ಕಾಣುತ್ತಿದ್ದವು. ಹೆಬ್ಬೆರಳು ಹಾಗೇ ದೂರ ನಿಂತಿತ್ತು.

ಎಲ್ಲ ಮುಗಿದು ಜನ ಸ್ನಾನಕ್ಕೆ ಇಳಿದಾಗ ನಾನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದೆ. ಕಾಲಿಟ್ಟಲ್ಲೆಲ್ಲ ಜೋಳ ಒತ್ತುತ್ತಿತ್ತು. ಬೀಗ ಹಾಕಿದ ನಮ್ಮ ಹಳೆಯ ಅಂಗಡಿಯ ಹೊಸ್ತಿಲಿನಿಂದ ನೀರಿನ ಅಂಚಿನ ತನಕ ಕಾಳು ಹರಡಿ ಬಿದ್ದಿತ್ತು. ಅಷ್ಟೂ ಹೊಸ್ತಿಲ ಹೊರಗಿನದು. ಅಷ್ಟೂ ಆಕೆಯದು.