ಕಾಲುವೆ ಮುಚ್ಚಿದ ದಿನ ಅಳೆದ ನೀರು

ನಮ್ಮಣ್ಣ ತಸ್ರಿಫ್ ನೆಲಕ್ಕೆ ಏಟು ಹಾಕಿ ಎಣಿಸುವ ಕೆಲಸದವ. ಇಪ್ಪತ್ತೆಂಟು ವರ್ಷ ಅದೊಂದೇ ಕೆಲಸ ಮಾಡಿದ. ಸೇತುವೆ ಕಟ್ಟುವ ಮೊದಲು, ಬ್ಯಾಂಕು ಕಟ್ಟುವ ಮೊದಲು, ಮಸೀದಿಯ ಗೋಪುರ ಎತ್ತುವ ಮೊದಲು ಕೆಳಗಿನ ಮಣ್ಣು ಗಟ್ಟಿಯೋ ಸಡಿಲವೋ ಅಂತ ಯಾರಾದರೂ ನೋಡಬೇಕಲ್ಲ, ಪಾಲು ಅನ್ನುವ ನಮ್ಮ ಈ ಕಣಿವೆಯಲ್ಲಿ ನೋಡುತ್ತಿದ್ದವನು ಅವನು. ಮಾತು ಕಮ್ಮಿ. ನಮ್ಮಪ್ಪನ ಸಿಟ್ಟೆಲ್ಲ ನನಗೆ ಬಂತು, ಅವ್ವನ ಸಹನೆಯೆಲ್ಲ ಅವನಿಗೆ ಹೋಯಿತು.

ಕೆಲಸ ನೋಡಲಿಕ್ಕೇನೋ ಸುಲಭ. ಮೂರು ಕಾಲಿನ ಕಬ್ಬಿಣದ ಕಂಬ, ಅದರ ತಲೆಯಿಂದ ಇಳಿದ ಹಗ್ಗ, ಹಗ್ಗದ ತುದಿಗೆ ಒಂದಾಳು ತೂಕದ ಸುತ್ತಿಗೆ. ನೆಲ ಕೊರೆದು, ತೂತಿನೊಳಗೆ ಕೊಳವೆ ಇಳಿಸಿ, ಕೊಳವೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆಯುತ್ತಾರೆ. ಸುತ್ತಿಗೆಯನ್ನು ತೊಡೆಯೆತ್ತರ ಎತ್ತಿ ಬಿಡಬೇಕು, ಎಣಿಸಬೇಕು. ಮೊದಲ ಗೆರೆಯದ್ದು ಲೆಕ್ಕಕ್ಕಿಲ್ಲ, ಉಳಿದೆರಡು ಗೆರೆ ಒಳಗೆ ಹೋಗಲು ಎಷ್ಟು ಏಟು ಬೇಕಾಯಿತೋ ಅದನ್ನು ಬರೆಯಬೇಕು. ಹೆಚ್ಚು ಏಟು ಬೇಕಾದರೆ ನೆಲ ಗಟ್ಟಿ, ಕಮ್ಮಿಯಲ್ಲೇ ಇಳಿದುಬಿಟ್ಟರೆ ಸಡಿಲ. ಆ ಸದ್ದಿಗೆ ಅಣ್ಣನ ಎಡಗಿವಿ ಕೆಟ್ಟುಹೋಗಿತ್ತು. ಕಂಬದ ಕಾಲಿಗೆ ಅಂಗೈ ಆನಿಸಿಕೊಂಡು ಏಟನ್ನು ಕೈಯಲ್ಲೇ ಕೇಳುತ್ತಿದ್ದ. ಮೇಲೆ ಬಂದ ಮಣ್ಣನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹಲ್ಲಲ್ಲಿ ಕಡಿದು ನೋಡುವುದು ಬೇರೆ. ಕರಕರ ಅಂದರೆ ಮರಳು, ನುಣ್ಣಗೆ ಜಾರಿದರೆ ಜೇಡಿ.

"ಥೂ, ನಾನು ಬಡಿಸಿದ್ದು ಸಪ್ಪೆ ಅಂತೀರಿ, ಮಣ್ಣು ಮಾತ್ರ ಚಪ್ಪರಿಸಿಕೊಂಡು ತಿಂತೀರಲ್ರೀ!" ಅಂತ ನಮ್ಮತ್ತಿಗೆ ರುಗಾಯ ಬೈಯುತ್ತಿದ್ದಳು. ಅವನು ನಗುತ್ತಿದ್ದ.

ಆ ಅತ್ತಿಗೆ ಭೂಕಂಪದ ಸಂಜೆ ಹೋದಳು. ಮಗ್ರಿಬ್ ಬಾಂಗ್ ಕೂಗುವ ಹೊತ್ತು. ನೆಲ ಅಲುಗಿತು, ಆಮೇಲೆ ಗಂಜಿಯಾಯಿತು. ನಾವು ಕಾಯ್ಲಿ ಮಂದಿ ಅದಕ್ಕೆ ನಲೋಡೋ ಅನ್ನುತ್ತೇವೆ, ಮಣ್ಣು ಮನುಷ್ಯರನ್ನು ನುಂಗುವುದು. ಅವರಿದ್ದ ಹೊಸ ಬಡಾವಣೆ ಮನೆ, ರಸ್ತೆ, ತೆಂಗಿನಮರ ಸಮೇತ ಹರಿದುಹೋಯಿತು. ಅಣ್ಣ ಅವತ್ತು ದೂರದ ಪೋಸೋದಲ್ಲಿ ಸೇತುವೆ ಕೆಲಸದ ಮೇಲಿದ್ದ. ವಾಪಸು ಬಂದು ಹನ್ನೊಂದು ದಿನ ಕೆಸರು ಕೆದಕಿದ. ಹೆಣ ಸಿಗಲಿಲ್ಲ. ಅವನು ಅಳಲೂ ಇಲ್ಲ. ಮೂರು ತಿಂಗಳಿಗೆ ಮತ್ತೆ ಸುತ್ತಿಗೆ ಹಿಡಿದಾಗ ನನಗೆ ಮೈಯೆಲ್ಲ ಉರಿಯಿತು. ಇವನೇನು ಮನುಷ್ಯನೋ ಕಲ್ಲೋ ಅಂದುಕೊಂಡೆ.

ನಮ್ಮೂರು ಲೋಂಜಬೋಯ ಮಾತ್ರ ಹರಿಯಲಿಲ್ಲ. ಗೋಡೆ ಸೀಳಿದವು, ಬಾವಿಗಳೆಲ್ಲ ಬುಡದಿಂದ ಉಕ್ಕಿದ ಮರಳಿನಿಂದ ತುಂಬಿಹೋದವು, ಆದರೂ ಮನೆಗಳು ನಿಂತವು. ಸರ್ಕಾರ ನಮ್ಮನ್ನು ಟೆಂಟುಗಳಿಗೆ ಕಳಿಸಿ, ನೆಲ ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇವೆ ಅಂದಿತು. ನಕ್ಷೆಯಲ್ಲಿ ಕೆಂಪು ಬಿದ್ದರೆ ಊರು ಮುಗಿಯಿತು, ಬೋಳುಗುಡ್ಡದ ಮೇಲೆ ಹೊಸ ಮನೆ. ಬೀಳದಿದ್ದರೆ ನಮ್ಮ ಮನೆ ನಮಗೆ. ನನ್ನ ಮನೆ ಅಂದರೆ ಗಂಡ ತೀರಿಕೊಂಡ ಮೇಲೆ ಈರುಳ್ಳಿ ಬೆಳೆದು, ಹುರಿದು, ಸಂತೆಯಲ್ಲಿ ಮಾರಿ ನಾನೊಬ್ಬಳೇ ಉಳಿಸಿಕೊಂಡ ಮನೆ. ಅದು ಹೋದರೆ ನಾನೂ ಹೋದ ಹಾಗೆ ಅಂತಲೇ ಅಂದುಕೊಂಡಿದ್ದೆ.

ಎಂಟನೇ ತಿಂಗಳಿಗೆ ಪರೀಕ್ಷೆಯವರು ಬಂದರು. ಕೊರೆಯುವ ತಂಡಕ್ಕೆ ಅಣ್ಣನೇ ಮೇಸ್ತ್ರಿ. ಜೊತೆಗೆ ಜಾವಾದಿಂದ ಬಂದ ರೆತ್ನೋ ಅಂತ ಒಬ್ಬ ಹುಡುಗಿ ಇಂಜಿನಿಯರ್. ಐದು ತೂತು ಕೊರೆದರು, ಮೂರನೆಯದು ನನ್ನ ಹಿತ್ತಲಲ್ಲಿ, ನುಗ್ಗೆಮರದ ಪಕ್ಕ. ಊರಿಗೆ ಊರೇ ಸುತ್ತ ನಿಂತು ಏಟು ಎಣಿಸಿತು.

"ನಾಲ್ಕು! ಐದು! ಬೀಳ್ಲಿ, ಬೀಳ್ಲಿ, ಇನ್ನೊಂದು!"

ಆರನೇ ಏಟಿಗೆ ಗೆರೆಗಳೆಲ್ಲ ನೆಲದೊಳಗಿದ್ದವು. ಒಂದು ಮೀಟರ್ ಕೆಳಗೆ ಇನ್ನೂ ಒಂದು ಕಮ್ಮಿ.

"ತಸ್ರಿಫ್, ಸ್ವಲ್ಪ ಮೆತ್ತಗೆ ಹೊಡಿಯೋ ಮಾರಾಯ, ನಿನ್ನ ತಂಗಿ ಮನೆ ಇದು," ಅಂದ ಊರಿನ ಮುಖ್ಯಸ್ಥ ಲಮಾದೊ.

"ಸುತ್ತಿಗೆಗೆ ತಂಗಿ ಗೊತ್ತಿಲ್ಲ," ಅಂದ ಅಣ್ಣ.

ಆದರೆ ಮಾರನೇ ಬೆಳಿಗ್ಗೆ ತೂತಿಗೆ ಟೇಪು ಇಳಿಸಿ ನೋಡಿದರೆ ನೀರು ಸಿಕ್ಕಿದ್ದು ಹನ್ನೊಂದು ಮೀಟರ್ ಕೆಳಗೆ. ಐದೂ ಕಡೆ ಹೀಗೇ. ರೆತ್ನೋ ಮುಖ ಅರಳಿತು. ಮರಳು ಎಷ್ಟೇ ಸಡಿಲವಿದ್ದರೂ ನೀರಿಲ್ಲದೆ ಹರಿಯುವುದಿಲ್ಲವಂತೆ. ನೀರಿರುವಷ್ಟು ಆಳದಲ್ಲಿ ನೆಲ ಗಟ್ಟಿ, ಮೂವತ್ತು ಏಟು ತಿಂದಿತ್ತು. "ಊರು ಉಳಿಯಬಹುದು," ಅಂದಳು. ಲಮಾದೊ ಅವತ್ತೇ ಆಡು ಕಡಿಸಿದ. ನಾನು ದೊಡ್ಡ ಪಾತ್ರೆಯಲ್ಲಿ ತೆಂಗಿನಹಾಲು ಹಾಕಿ ನುಗ್ಗೆಸೊಪ್ಪು ಬೇಯಿಸಿದೆ. ಕುಣಿದುಬಿಡೋಣ ಅನ್ನಿಸಿತ್ತು.

ಅಣ್ಣ ಒಬ್ಬನೇ ಊಟಕ್ಕೆ ಕೂರಲಿಲ್ಲ. ರೆತ್ನೋ ಹತ್ತಿರ ಹೋಗಿ, "ಮೇಡಂ, ಭೂಕಂಪ ಆದಾಗಿಂದ ಕಾಲುವೆ ಬಂದ್ ಆಗಿದೆ. ಇದು ಬತ್ತಿದ ನೀರು. ಗದ್ದೆಗೆ ನೀರು ಬಿಟ್ಟಿದ್ದಾಗ ಬಾವಿಲಿ ಎಷ್ಟಿತ್ತು ಅಂತ ಕೇಳಿ ಬರ್ಕೊಳ್ಳಿ. ಕಾಲುವೆ ಮತ್ತೆ ಬಿಡ್ತಾರಲ್ಲ," ಅಂದ.

ಪಾಪ, ಆ ಹುಡುಗಿಗೆ ನಮ್ಮ ಕಾಲುವೆಯ ವಿಷಯ ಏನು ಗೊತ್ತು! ಮನೆಮನೆಗೆ ಹೋಗಿ ಕೇಳಿದಳು. ಬಾವಿಗಳನ್ನು ನೋಡೋಣವೆಂದರೆ ಒಳಗೆಲ್ಲ ಮರಳು. ಬಾಯಿಮಾತೇ ಸಾಕ್ಷಿ. ಅಷ್ಟರಲ್ಲಿ ಲಮಾದೊ ಎಲ್ಲರ ಕಿವಿಯಲ್ಲೂ ಹೇಳಿಯಾಗಿತ್ತು, ಕೇಳಿದರೆ ಆರು ಮಾರು, ಅಂದರೆ ಹತ್ತಿರ ಹತ್ತಿರ ಟೇಪು ತೋರಿಸಿದಷ್ಟೇ ಆಳ, ಅನ್ನಿ ಅಂತ. ನಲವತ್ತು ಮನೆಯವರೂ ಆರು ಮಾರು ಅಂದರು. ನಲವತ್ತೊಂದನೆಯದು ನನ್ನದು. ನಾನೂ ಅವಳ ಕಣ್ಣಲ್ಲಿ ಕಣ್ಣಿಟ್ಟು "ಆರು ಮಾರು" ಅಂದೆ. ಸುಳ್ಳು! ಎರಡು ಮಾರು ಹಗ್ಗ ಬಿಟ್ಟರೆ ಕೊಡ ಮುಳುಗುತ್ತಿತ್ತು. ಕಾಲುವೆ ತುಂಬಿದ ತಿಂಗಳಲ್ಲಿ ಅದಕ್ಕೂ ಕಮ್ಮಿ.

"ನೀವೊಬ್ಬರೇ ಎರಡು ಅಂತೀರಿ ಅಣ್ಣಾ, ಈ ಊರಲ್ಲಿ ನಿಮ್ಮ ಮನೆಯೂ ಇಲ್ಲ," ಅಂತ ರೆತ್ನೋ ನಮ್ಮಣ್ಣನಿಗೆ ಅಂದಳು. "ಒಂದು ಮನೆಯವರಾದರೂ ಹೇಳಲಿ, ಬರೆದುಕೊಳ್ತೀನಿ. ನಾಳೆ ಮಧ್ಯಾಹ್ನ ಸಭೆ ಆದಮೇಲೆ ವರದಿ ಹೋಗುತ್ತೆ."

ಅಣ್ಣ ಸೀದಾ ನನ್ನ ಟೆಂಟಿಗೆ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ.

"ಬಾರಪ್ಪ, ಬಾ. ತಂಗಿ ಮನೆಗೆ ಮಣ್ಣು ಹಾಕೋಕೆ ಬಂದೆಯಾ? ನಿಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಇನ್ನೊಬ್ಬರ ಮನೆ ಉಳಿದ್ರೆ ಹೊಟ್ಟೆಕಿಚ್ಚಾ?"

ಆ ಮಾತು ಆಡಬಾರದಿತ್ತು. ಆಡಿದೆ. ಇವತ್ತಿಗೂ ನೆನೆಸಿಕೊಂಡರೆ ನಾಲಿಗೆ ಕಿತ್ತುಹಾಕಬೇಕು ಅನ್ನಿಸುತ್ತದೆ.

ಅವನು ಚಾಪೆಯ ಮೇಲೆ ಕೂತ.

"ಹಸ್ನೀ, ರುಗಾಯ ಇದ್ದ ಬಡಾವಣೆಗೆ ನೆಲ ನೋಡಿದ್ದು ನಾನೇ ಕಣೆ," ಅಂದ. "ಹನ್ನೆರಡು ವರ್ಷದ ಹಿಂದೆ. ಹೂಳು ತೆಗೆಯೋಕೆ ಅಂತ ಕಾಲುವೆ ಮುಚ್ಚಿದ್ರು, ಎರಡು ತಿಂಗಳು. ನಾನು ಅಳೆದಾಗ ನೀರು ಹತ್ತು ಮೀಟರ್ ಕೆಳಗಿತ್ತು. ಹತ್ತು ಅಂತ ಬರೆದೆ. ಸುಳ್ಳು ಬರೀಲಿಲ್ಲ. ಕಾಲುವೆ ಮುಚ್ಚಿದೆ ಅಂತ ಮಾತ್ರ ಬರೀಲಿಲ್ಲ, ಯಾರೂ ಕೇಳಲಿಲ್ಲ. ಆಮೇಲೆ ನಾನೇ ಅವಳಿಗೆ, ಒಳ್ಳೆ ನೆಲ ಕಣೇ, ನಾನೇ ನೋಡಿದೀನಿ, ಅಲ್ಲೇ ಮನೆ ತಗೊಳ್ಳೋಣ ಅಂದೆ. ಅವಳಿಗೆ ಇಷ್ಟ ಇರಲಿಲ್ಲ. ನೀವು ನೋಡಿದೀರಲ್ಲ, ಮತ್ತೇನು, ಅಂದು ಬಂದಳು."

ಹನ್ನೊಂದು ದಿನ ಕೆಸರಲ್ಲಿ ಅವನು ಏನು ಹೊತ್ತುಕೊಂಡು ಅವಳನ್ನು ಹುಡುಕಿದ ಅಂತ ಆಗ ಗೊತ್ತಾಯಿತು. ಕಲ್ಲು ಅಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

"ನೀನು ಹೇಳು ಅಂತ ನಾನು ಹೇಳಲ್ಲ," ಅಂದ. "ಮನೆ ನಿಂದು." ಎದ್ದು ಹೋದ.

ಮಾರನೇ ದಿನ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಸಭೆ. ರೆತ್ನೋ ನಕ್ಷೆ ಹರಡಿ, ಬಾವಿಗಳ ನೀರು ಆರು ಮಾರು ಅಂತ ಓದಿದಳು. ಲಮಾದೊ ತಲೆಯಾಡಿಸಿದ. ನನ್ನ ಮುಂದೆ ಕೂತ ಹೆಂಗಸಿನ ತೊಡೆಯ ಮೇಲೆ ಅವಳ ಮೊಮ್ಮಗಳು ಬಾಯಿ ತೆರೆದು ನಿದ್ದೆಹೋಗಿದ್ದಳು. ನಾನು ಎದ್ದುನಿಂತೆ.

"ನಂದು ಎರಡು ಮಾರು," ಅಂದೆ. "ನಿನ್ನೆ ಸುಳ್ಳು ಹೇಳಿದೆ ಮೇಡಂ. ಇಪ್ಪತ್ತು ವರ್ಷ ಸೇದಿದೀನಿ. ಗದ್ದೆಗೆ ನೀರು ಬಿಟ್ಟ ತಿಂಗಳಲ್ಲಿ ಒಂದೂವರೆ. ಬರ್ಕೊಳ್ಳಿ."

"ಏಯ್ ಹಸ್ನೀದಾರ್, ತಲೆ ಕೆಟ್ಟಿದೆಯೇನೇ ನಿಂಗೆ!" ಅಂತ ಲಮಾದೊ ಕೂಗಿದ. ಯಾರೋ ಚಪ್ಪಲಿ ಎಸೆದರು. ಮುಂದೆ ಕೂತವಳು ಮೊಮ್ಮಗಳನ್ನು ಎತ್ತಿಕೊಂಡು, ನನ್ನ ಕಾಲ ಬಳಿ ಉಗಿದು ಹೋದಳು. ರೆತ್ನೋ ಎರಡು ಸಲ ಕೇಳಿ ಬರೆದುಕೊಂಡಳು. ಹಿಂದೆ ಗೋಡೆಗೊರಗಿ ನಿಂತಿದ್ದ ಅಣ್ಣ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಅಂತ ಅತ್ತ. ಅತ್ತಿಗೆ ಹೋದ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಲೆಕ್ಕ ಹೊಸದಾಗಿ ಹಾಕಿದರು. ನಲವತ್ತೊಂದು ಮನೆಗಳೂ ಕೆಂಪಿನೊಳಗೆ ಹೋದವು. ನನ್ನ ಮನೆ ಕೆಡವುವ ದಿನ ನಾನು ನೋಡಲು ಹೋಗಲಿಲ್ಲ, ಆಗಲಿಲ್ಲ ನನ್ನಿಂದ.

ಅಣ್ಣ ಆಮೇಲೂ ಮೂರು ವರ್ಷ ಕೊರೆದ. ಎಲ್ಲಿ ಹೋದರೂ ಟೇಪು ಇಳಿಸುವ ಮೊದಲು ಆ ಊರಿನ ಹೆಂಗಸರನ್ನು ಕೂರಿಸಿಕೊಂಡು, ಯಾವ ತಿಂಗಳಲ್ಲಿ ಎಷ್ಟು ಹಗ್ಗ ಬಿಡುತ್ತೀರಿ ಅಂತ ಕೇಳಿ ಬರೆದುಕೊಳ್ಳುತ್ತಿದ್ದನಂತೆ. ಹೋದ ಉಪವಾಸದ ತಿಂಗಳಲ್ಲಿ ತೀರಿಕೊಂಡ. ಮಣ್ಣಿಗೆ ಅವನ ತಂಡದವರು ಬಂದರು, ರೆತ್ನೋ ವಿಮಾನ ಹತ್ತಿ ಬಂದಳು. ನಮ್ಮೂರಿನವರು ಒಬ್ಬರೂ ಬರಲಿಲ್ಲ. ಇದೇ ಗುಡ್ಡದ ಮೇಲೆ, ನಮ್ಮ ಸಾಲಿನಲ್ಲೇ ಇದ್ದಾರೆ ಎಲ್ಲರೂ. ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದಾರೆ, ಕೆಳಗೆ ನಮ್ಮೂರಿನ ನೆಲ ಒದ್ದೆಯಾಗಿದೆ, ಇವರು ಇಲ್ಲಿ ಮೇಲೆ ಬದುಕಿದ್ದುಕೊಂಡು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಾರೆ. ನನಗೆ ಅಷ್ಟು ಸಾಕು.